ಬದುಕಿ ಬಂದವರ ಗಾಯ

ಮೈಸೂರಿನಿಂದ ನಂಜನಗೂಡು ದಾಟಿ ಗುಂಡ್ಲುಪೇಟೆಯತ್ತ ಹೋಗುವ ಹೆದ್ದಾರಿ ಆ ತಾಲ್ಲೂಕಿನ ಬೇಗೂರಿನ ಮೇಲೇ ಹಾದುಹೋಗುತ್ತದೆ. ಶನಿವಾರ, ಭಾನುವಾರ ಅದು ಊಟಿಗೆ, ವಯನಾಡಿಗೆ ಹೊರಟ ಕಾರುಗಳ ದಾರಿ. ಉಳಿದ ದಿನಗಳಲ್ಲಿ ಚೆಂಡುಹೂವು, ಈರುಳ್ಳಿ, ತರಕಾರಿ ತುಂಬಿದ ಲಾರಿಗಳ ದಾರಿ. ಇದೇ ದಾರಿಯಲ್ಲಿ ಟ್ರಂಕು ಹಿಡಿದು ಬಸ್ಸಿನಲ್ಲಿ ಕೂತು ಹೋದ ಹುಡುಗರೂ ಇದ್ದಾರೆ. ಘಟ್ಟ ಹತ್ತಿದರೆ ನೀಲಗಿರಿಯ ವೆಲಿಂಗ್ಟನ್. ಅಲ್ಲಿ ಮದ್ರಾಸ್ ರೆಜಿಮೆಂಟ್‌ನ ಕೇಂದ್ರವಿದೆ. ದಕ್ಷಿಣದ ರಾಜ್ಯಗಳಿಂದ ಆ ರೆಜಿಮೆಂಟಿಗೆ ಆಯ್ಕೆಯಾದವರು ಸಿಪಾಯಿಗಳಾಗುವುದು ಅಲ್ಲೇ. ಹೋಗುವಾಗ ಅವರಿಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಓಟದಲ್ಲಿ ಗೆದ್ದ ಕಾಲು, ಡಾಕ್ಟರು ಎಲ್ಲ ಸರಿಯಿದೆ ಎಂದು ಬರೆದುಕೊಟ್ಟ ದೇಹ. ಹದಿನೈದು, ಹದಿನೇಳು ವರ್ಷ ಕಳೆದು ಪಿಂಚಣಿ ಪಡೆದು ಊರಿಗೆ ಮರಳುವ ಹೊತ್ತಿಗೆ ಆ ದೇಹ, ಆ ಮನಸ್ಸು ಹೇಗಿರುತ್ತವೆ? ಇದನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ಆ ರೂಢಿ ಇನ್ನಾದರೂ ಬರಬೇಕು.

ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರು ಕನ್ನಡಿಗರಿಗೆ ಮರೆತಿಲ್ಲ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 19ನೇ ಮದ್ರಾಸ್ ಬೆಟಾಲಿಯನ್‌ನ ಯೋಧ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆಯೇ ಕುಸಿದು ಹತ್ತು ಮಂದಿ ಹೂತುಹೋದರು. ಕಲ್ಲಿನಷ್ಟು ಗಟ್ಟಿಯಾದ ಮಂಜುಗಡ್ಡೆಯನ್ನು ಯಂತ್ರಗಳಿಂದ ಕತ್ತರಿಸುತ್ತಾ, ನಾಯಿಗಳ ಮೂಗನ್ನು ನಂಬಿ ಹುಡುಕುತ್ತಾ ಹೋದ ರಕ್ಷಣಾ ತಂಡಕ್ಕೆ ಆರನೇ ದಿನ ಅವರು ಉಸಿರಾಡುತ್ತಿರುವುದು ಕಂಡಿತು. ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಮೂತ್ರಪಿಂಡ, ಯಕೃತ್ತು ಕೈಕೊಟ್ಟಿದ್ದವು, ನ್ಯುಮೋನಿಯಾ ಹಿಡಿದಿತ್ತು, ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. ಫೆಬ್ರುವರಿ 11ರಂದು ತೀರಿಕೊಂಡರು. ಆ ಕೆಲವು ದಿನ ದೇಶವೇ ಹರಕೆ ಹೊತ್ತಿತ್ತು.

ಅವರೊಂದಿಗೆ ಹಿಮದಡಿ ಜೀವ ಬಿಟ್ಟವರಲ್ಲಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಇದ್ದರು. ಗುಂಡ್ಲುಪೇಟೆಗೆ ಮಗ್ಗುಲಲ್ಲೇ ಇರುವ ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ್ ಇದ್ದರು.

ಆಗ ಸೇನೆ ಕೊಟ್ಟ ಪ್ರಕಟಣೆಯಲ್ಲಿ ಒಂದು ಮಾತಿತ್ತು. ಹಿಮಪಾತದ ಗದ್ದಲದಲ್ಲಿ ಅದರ ಮೇಲೆ ಹೆಚ್ಚು ಚರ್ಚೆ ಆಗಲಿಲ್ಲ. ಹನುಮಂತಪ್ಪನವರ ಒಟ್ಟು ಸೇವೆ 13 ವರ್ಷ. ಅದರಲ್ಲಿ 10 ವರ್ಷ ಕಠಿಣ ಪ್ರದೇಶಗಳಲ್ಲೇ ಕಳೆದಿತ್ತು. ಮೊದಲು ಜಮ್ಮು–ಕಾಶ್ಮೀರ, ಆಮೇಲೆ ರಾಷ್ಟ್ರೀಯ ರೈಫಲ್ಸ್‌ನೊಂದಿಗೆ ಮತ್ತೆ ಅಲ್ಲಿಗೇ, ನಂತರ ಈಶಾನ್ಯದಲ್ಲಿ ಬಂಡುಕೋರರ ವಿರುದ್ಧದ ಕಾರ್ಯಾಚರಣೆ, ಕೊನೆಗೆ ಸಿಯಾಚಿನ್. ಹಿಮ ಕುಸಿದದ್ದು ಒಂದು ಕ್ಷಣದಲ್ಲಿ. ಆ ಹತ್ತು ವರ್ಷ ಅವರ ದೇಹ, ಮನಸ್ಸುಗಳ ಮೇಲೆ ಹೇರಿದ ಭಾರಕ್ಕೆ ಲೆಕ್ಕವಿಲ್ಲ. ಒಂದು ವೇಳೆ ಅವರು ಉಳಿದಿದ್ದರೆ? ಒಂಬತ್ತು ಜನ ಜೊತೆಗಾರರನ್ನು ಹಿಮದಲ್ಲಿ ಬಿಟ್ಟು ಬಂದ ನೆನಪನ್ನು ಹೊತ್ತು, ಹಾಳಾದ ಮೂತ್ರಪಿಂಡಗಳೊಂದಿಗೆ ಬೆಟದೂರಿನಲ್ಲಿ ಮೂವತ್ತು, ನಲವತ್ತು ವರ್ಷ ಬಾಳಬೇಕಾಗಿತ್ತು. ಅಷ್ಟು ವರ್ಷ ಈ ದೇಶದ ಹರಕೆ ಅವರ ಹಿಂದೆ ಇರುತ್ತಿತ್ತೇ?

ಇರುತ್ತಿರಲಿಲ್ಲ ಎಂದೇ ಹೇಳಬೇಕಾಗಿದೆ. ಮಡಿದವರನ್ನು ಗೌರವಿಸುವುದು ನಮಗೆ ಗೊತ್ತು; ಅದು ಈ ನೆಲದಲ್ಲಿ ಸಾವಿರ ವರ್ಷ ಮೀರಿದ ಪದ್ಧತಿ. ಮೈಸೂರು, ಚಾಮರಾಜನಗರ ಸೀಮೆಯಲ್ಲಿ ಕೆರೆ ಏರಿ, ಗುಡಿ ಅಂಗಳ ನೋಡುತ್ತಾ ನಡೆದರೆ ಎಲ್ಲೋ ಒಂದು ಕಡೆ ವೀರಗಲ್ಲು ಎದುರಾಗುತ್ತದೆ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲೆ ಕೈಲಾಸ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ವಿವರವೂ ಹಲವು ಶಾಸನಗಳಲ್ಲಿದೆ. ಆದರೆ ಕಾಳಗದಿಂದ ತೋಳು ಕಳೆದುಕೊಂಡು ಮನೆಗೆ ನಡೆದು ಬಂದವನಿಗೆ ಆ ಮೂರು ಹಂತಗಳಲ್ಲಿ ಜಾಗವಿಲ್ಲ. ಇಂದಿನ ನಮ್ಮ ಸ್ಮರಣೆಯೂ ಹೆಚ್ಚುಕಡಿಮೆ ಹಾಗೇ ಇದೆ.

ಮೈಸೂರು ಲ್ಯಾನ್ಸರ್ಸ್‌ನ ಕತೆ ನೋಡಿ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾದಲ್ಲಿ ಜೋಧಪುರದ ಸವಾರರೊಂದಿಗೆ ಸೇರಿ ಮೈಸೂರಿನ ಕುದುರೆ ದಳ ಮಷಿನ್‌ಗನ್‌ಗಳ ಎದುರಿಗೆ ಈಟಿ ಹಿಡಿದು ನುಗ್ಗಿ ಊರು ಗೆದ್ದಿತು. ದೆಹಲಿಯ ತೀನ್‌ಮೂರ್ತಿಯಲ್ಲಿ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕಗಳಿವೆ. ಅಂದು ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಸತ್ತು ಬಿದ್ದ ಕುದುರೆಗಳು 60 ಎಂಬ ಲೆಕ್ಕವೂ ಸಿಗುತ್ತದೆ. ಆ 34 ಮಂದಿ ಊರಿಗೆ ಬಂದ ಮೇಲೆ ಹೇಗೆ ಬದುಕಿದರು ಎಂಬುದನ್ನು ಯಾವ ಸ್ಮಾರಕವೂ ಹೇಳುವುದಿಲ್ಲ. ಕಾರ್ಗಿಲ್‌ಗೆ ಬನ್ನಿ. 527 ಎಂಬ ಸಂಖ್ಯೆ ಪ್ರತಿ ಜುಲೈ 26ರಂದು ಭಾಷಣಗಳಲ್ಲಿ ಕೇಳುತ್ತದೆ. ಅದೇ ಯುದ್ಧದಲ್ಲಿ 1,363 ಮಂದಿ ಗಾಯಗೊಂಡರು. ಈ ಎರಡನೆಯ ಸಂಖ್ಯೆ ಎಷ್ಟು ವೇದಿಕೆಗಳಲ್ಲಿ ಕೇಳಿಬಂದಿದೆ?

ಗಾಯ ಎಂದಾಕ್ಷಣ ಗುಂಡೇಟು ಕಣ್ಮುಂದೆ ಬರುತ್ತದೆ. ಗುಂಡು ತಾಗದೆಯೂ ದೇಹ ಕುಗ್ಗುತ್ತದೆ. ಭಾರತ 1984ರ ಏಪ್ರಿಲ್‌ನಲ್ಲಿ ಸಿಯಾಚಿನ್ ಹತ್ತಿದ ಮೇಲೆ ಅಲ್ಲಿ ಜೀವ ಬಿಟ್ಟವರಲ್ಲಿ ಹೆಚ್ಚಿನವರನ್ನು ಕೊಂದದ್ದು ಚಳಿ, ಎತ್ತರ ಮತ್ತು ಹಿಮಪಾತ. ಹದಿನೆಂಟು ಸಾವಿರ ಅಡಿ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಬೇಗೂರಿನಲ್ಲಿ ಸಿಗುವುದರ ಅರ್ಧದಷ್ಟು. ಅದನ್ನು ಸರಿದೂಗಿಸಲು ದೇಹ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತದೆ, ರಕ್ತ ಮಂದವಾಗುತ್ತದೆ, ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಕೆಲವೇ ಗಂಟೆಗಳಲ್ಲಿ ಕೆಳಗಿಳಿಸಬೇಕು. ಹೆಲಿಕಾಪ್ಟರ್ ಬರಲು ಮೋಡ ಬಿಡಬೇಕು. ನಿದ್ದೆ ಹತ್ತುವುದಿಲ್ಲ, ಹಸಿವು ಸಾಯುತ್ತದೆ, ಮರೆವು ಶುರುವಾಗುತ್ತದೆ. ಒದ್ದೆಯಾದ ಕೈಗವಸು ಬದಲಿಸಲು ತಡವಾದರೆ ಬೆರಳು ಮೊದಲು ಬೆಳ್ಳಗಾಗಿ ಮರಗಟ್ಟುತ್ತದೆ, ಆಮೇಲೆ ಕಪ್ಪಾಗುತ್ತದೆ, ಕೊನೆಗೆ ಕತ್ತರಿಸಬೇಕಾಗುತ್ತದೆ.

ಯುದ್ಧವೇ ನಡೆಯದ ಯುದ್ಧಗಳೂ ಇವೆ. ಸಂಸತ್ತಿನ ಮೇಲಿನ ದಾಳಿಯ ನಂತರ 2001ರ ಡಿಸೆಂಬರ್‌ನಿಂದ ಸುಮಾರು ಹತ್ತು ತಿಂಗಳು ಗಡಿಯಲ್ಲಿ ಸೇನೆ ನಿಂತಿತ್ತು. ಆಪರೇಷನ್ ಪರಾಕ್ರಮ್ ಎಂದು ಹೆಸರು. ಒಂದು ದಿನವೂ ಯುದ್ಧ ಘೋಷಣೆಯಾಗಲಿಲ್ಲ. 798 ಸೈನಿಕರು ಸತ್ತರೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ನೆಲಬಾಂಬ್ ಹೂಳುವಾಗ, ತೆಗೆಯುವಾಗ ಸತ್ತವರು ಅದರಲ್ಲಿ ಹಲವರು; ಕಾಲು ಕಳೆದುಕೊಂಡು ಉಳಿದವರೂ ಹಲವರು.

ಕಾಲು ಹೋದವರಿಗೆ ಪುಣೆಯಲ್ಲಿ 1944ರಿಂದ ಕೃತಕ ಅವಯವ ಕೇಂದ್ರವಿದೆ. ಬೆನ್ನುಹುರಿ ತುಂಡಾದವರಿಗೆ ಖಡಕಿಯಲ್ಲಿ, ಮೊಹಾಲಿಯಲ್ಲಿ ಪುನರ್ವಸತಿ ಕೇಂದ್ರಗಳಿವೆ. ಅಲ್ಲಿ ದೊರೆಯುವ ಆರೈಕೆ ಒಳ್ಳೆಯದು. 1965ರ ಯುದ್ಧದಲ್ಲಿ ಗುಂಡೇಟು ತಿಂದು ನಡಿಗೆ ಕಳೆದುಕೊಂಡ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದರು. ಕಾರ್ಗಿಲ್ ಹೊತ್ತಿನಲ್ಲಿ ಸತ್ತರೆಂದೇ ವೈದ್ಯರು ಹೇಳಿದ್ದ ಮೇಜರ್ ಡಿ.ಪಿ. ಸಿಂಗ್ ಒಂದು ಕಾಲು ಕಳೆದುಕೊಂಡು ಹಾಫ್ ಮ್ಯಾರಥಾನ್‌ಗಳನ್ನು ಓಡಿದರು. ಇವರ ಬಗ್ಗೆ ಎಷ್ಟು ಹೆಮ್ಮೆಪಟ್ಟರೂ ಕಡಿಮೆಯೇ. ಆದರೆ ಎಲ್ಲ ಗಾಯಾಳುಗಳಿಂದಲೂ ಪದಕ ನಿರೀಕ್ಷಿಸುವುದು ಕ್ರೌರ್ಯ. ಕೃತಕ ಕಾಲು ಹಾಕಿಕೊಂಡ ಸಿಪಾಯಿ ಮರಳುವುದು ಸಿಮೆಂಟು ಹಾದಿಯ ಊರಿಗಲ್ಲ, ಹೊಲಕ್ಕೆ. ಮಳೆ ಬಿದ್ದ ಮಾರನೇ ದಿನ ಉತ್ತ ಸಾಲಿನಲ್ಲಿ ಆ ಕಾಲು ಹೂತುಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆವರು ಇಳಿದು, ಮೊಂಡು ಕಾಲು ಕೂರುವ ಬಟ್ಟಲಿನಲ್ಲಿ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಕುಕ್ಕರುಗಾಲಲ್ಲಿ ಕೂರಬೇಕಾದ ಕಕ್ಕಸಿಗೆ ಹೋಗುವುದೇ ದಿನದ ದೊಡ್ಡ ಕೆಲಸ. ಇಲ್ಲದ ಪಾದದ ಬೆರಳು ರಾತ್ರಿ ಉರಿಯುತ್ತದೆ. ಹೇಳಿದರೆ ಮನೆಯವರೇ ನಂಬುವುದಿಲ್ಲ. ಸವೆದ ಭಾಗ ಬದಲಿಸಲು ಮತ್ತೆ ದೂರದ ಕೇಂದ್ರಕ್ಕೆ ಹೋಗಬೇಕು.

ಇಷ್ಟಾದರೂ ಕಾಲಿನ ಗಾಯ ಕಣ್ಣಿಗೆ ಕಾಣುತ್ತದೆ, ಬಸ್ಸಿನಲ್ಲಿ ಜನ ಎದ್ದು ಸೀಟು ಕೊಡುತ್ತಾರೆ. ಮನಸ್ಸಿನ ಗಾಯಕ್ಕೆ ಆ ಮರ್ಯಾದೆಯೂ ಇಲ್ಲ.

ಬೇರೆ ದೇಶಗಳೂ ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ತೆಗೆದುಕೊಂಡವು. ಮೊದಲ ಮಹಾಯುದ್ಧದಲ್ಲಿ ಕಂದಕಗಳಿಂದ ನಡುಗುತ್ತಾ, ಮಾತು ನಿಂತು, ಕಣ್ಣು ಕಾಣದೆ ಬರುತ್ತಿದ್ದ ಸೈನಿಕರ ಬಗ್ಗೆ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 1915ರಲ್ಲಿ ಬರೆದರು. ‘ಶೆಲ್ ಶಾಕ್’ ಎಂಬ ಹೆಸರು ವೈದ್ಯಲೋಕಕ್ಕೆ ಬಂತು. ಅದೇ ಯುದ್ಧದಲ್ಲಿ ಬ್ರಿಟಿಷ್ ಸೇನೆ ಹೇಡಿತನ, ಪಲಾಯನದಂಥ ಆರೋಪ ಹೊರಿಸಿ 306 ಮಂದಿಯನ್ನು ಗುಂಡಿಟ್ಟು ಕೊಂದಿತು. ಅವರೂ ಯುದ್ಧದ ಬಲಿಪಶುಗಳೇ ಎಂದು ಒಪ್ಪಿ ಕ್ಷಮೆ ಕೊಟ್ಟದ್ದು 2006ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ನೋಡಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರು ಯುದ್ಧದಂಥ ಆಘಾತದ ನಂತರ ಉಳಿಯುವ ಈ ಒತ್ತಡವನ್ನು ಅಧಿಕೃತವಾಗಿ ಕಾಯಿಲೆಗಳ ಪಟ್ಟಿಗೆ ಸೇರಿಸಿದರು.

ಅದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮನೆಯವರಿಗೆ ಅರ್ಧ ಭಾರ ಇಳಿದಂತೆ. ಅಪಾಯದ ನಡುವೆ ತಿಂಗಳುಗಟ್ಟಲೆ ಇದ್ದ ಮಿದುಳು ಸದಾ ಎಚ್ಚರವಾಗಿರುವುದನ್ನು ಕಲಿಯುತ್ತದೆ. ಅಲ್ಲಿ ಆ ಎಚ್ಚರವೇ ಜೀವ ಉಳಿಸುತ್ತದೆ. ಊರಿಗೆ ಬಂದ ಮೇಲೂ ಅದು ಆರುವುದಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ಬೆಳೆ ಕೈಗೆ ಬರುವ ಕಾಲಕ್ಕೆ ರಾತ್ರಿ ಪಟಾಕಿ ಸಿಡಿಯುತ್ತದೆ. ಆನೆ, ಹಂದಿ ಓಡಿಸಲು ರೈತನಿಗೆ ಬೇರೆ ಉಪಾಯವಿಲ್ಲ. ಹೊಲ ಕಾಯುವವನಿಗೆ ಅದು ಧೈರ್ಯದ ಸದ್ದು. ಗಡಿಯ ಬಂಕರಿನಲ್ಲಿ ಷೆಲ್‌ಗಳ ನಡುವೆ ಇದ್ದು ಬಂದವನು ಅದೇ ಸದ್ದಿಗೆ ಹಾಸಿಗೆಯಿಂದ ಎದ್ದು ಗೋಡೆ ಮೂಲೆಯಲ್ಲಿ ಕುಕ್ಕರಿಸಿರುತ್ತಾನೆ. ಪಟಾಕಿ ಎಂಬುದು ಅವನಿಗೂ ಗೊತ್ತು. ಆದರೂ ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ, ಅಂಗೈ ಬೆವರುತ್ತದೆ, ಬೆಳಗಿನ ತನಕ ನಿದ್ದೆ ಬರುವುದಿಲ್ಲ. ಮಾರನೇ ದಿನ ಮಕ್ಕಳು ಚಮಚ ಬೀಳಿಸಿದ್ದಕ್ಕೆ ಕೂಗಾಡುತ್ತಾನೆ. ಮದುವೆಮನೆಗೆ ಹೋದರೆ ಬಾಗಿಲ ಕಡೆ ಮುಖ ಮಾಡಿ ಕೂರುತ್ತಾನೆ, ಕ್ರಮೇಣ ಹೋಗುವುದನ್ನೇ ಬಿಡುತ್ತಾನೆ. ನಿದ್ದೆಗೆಂದು ಹಿಡಿದ ಕುಡಿತ ಚಟವಾಗುತ್ತದೆ. ಹೆಂಡತಿ ಯಾರಿಗೆ ಹೇಳಬೇಕು? ಹೇಳಿದರೆ ಊರಿನ ಉತ್ತರ ಸಿದ್ಧವಾಗಿದೆ: ‘ಅವನಿಗೇನ ಕಮ್ಮಿ, ತಿಂಗ್ಳಾದ್ರ ಪಿಂಚಣಿ ಬತ್ತದ.’

ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ಹೋಗುವ ಮನೆಗಳೂ ಇವೆ. ಹೋಗಲಿ, ನಂಬಿಕೆ ಮನಸ್ಸಿಗೆ ಬಲ. ಅದರ ಜೊತೆಗೆ ವೈದ್ಯರ ಬಳಿಗೂ ಹೋಗಬೇಕು. ಈ ಕಾಯಿಲೆಗೆ ಮಾತಿನ ಚಿಕಿತ್ಸೆ ಇದೆ, ಮಾತ್ರೆ ಇದೆ, ವಾಸಿಯಾದವರಿದ್ದಾರೆ.

ಸೇವೆಯಲ್ಲಿ ಇರುವವರ ಸ್ಥಿತಿಯೂ ಹಗುರವಲ್ಲ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಹಿಂದಿನ ಐದು ವರ್ಷಗಳಲ್ಲಿ ಮೂರೂ ಸೇನೆಗಳಲ್ಲಿ 819 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದರು, ಭೂಸೇನೆಯಲ್ಲೇ 642. ಕಾರ್ಗಿಲ್‌ನಲ್ಲಿ ಮಡಿದವರಿಗಿಂತ ದೊಡ್ಡ ಸಂಖ್ಯೆ ಇದು. ಇವರಲ್ಲಿ ಎಲ್ಲರನ್ನೂ ಯುದ್ಧವೇ ಕೊಂದಿತು ಎನ್ನಲಾಗದು. ಊರಿನ ಜಮೀನು ವ್ಯಾಜ್ಯ, ಸಾಲ, ಸಂಸಾರದ ಜಗಳ, ಸಿಗದ ರಜೆ ಎಲ್ಲವೂ ಸೇರಿರುತ್ತವೆ. ಮೊದಲು ಪತ್ರ ತಲುಪಲು ವಾರಗಳಾಗುತ್ತಿದ್ದವು. ಈಗ ಬದು ಒತ್ತುವರಿಯಾದ ಸುದ್ದಿ ಅದೇ ಸಂಜೆ ಮೊಬೈಲಿನಲ್ಲಿ ಠಾಣೆ ತಲುಪುತ್ತದೆ. ಬಂದೂಕು ಹಿಡಿದು ಕಾವಲಿಗೆ ನಿಂತವನು ಅಲ್ಲಿಂದ ಏನನ್ನೂ ಸರಿಮಾಡಲಾರ.

ಇನ್ನು ಕಾಗದಪತ್ರದ ಯುದ್ಧ. ದೇಹವೋ ಮನಸ್ಸೋ ಕೆಟ್ಟು ಸೇವೆಯಿಂದ ಹೊರಬಿದ್ದವನಿಗೆ ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ, ಅದು ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದು ವೈದ್ಯಕೀಯ ಮಂಡಳಿ ಹೇಳಬೇಕು. ‘ಸೇವೆಗೆ ಸಂಬಂಧವಿಲ್ಲ’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಸಿಗ್ನಲ್ಸ್ ವಿಭಾಗದಲ್ಲಿ 1985ರಲ್ಲಿ ಸೇರಿದ್ದ ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಗೆ ಒಂಬತ್ತು ವರ್ಷಗಳ ನಂತರ ಅಪಸ್ಮಾರ ಬಂದು 1994ರಲ್ಲಿ ಹೊರಗೆ ಕಳಿಸಿದರು, ಪಿಂಚಣಿ ನಿರಾಕರಿಸಿದರು. ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟದ್ದು 2013ರ ಜುಲೈನಲ್ಲಿ, ಹತ್ತೊಂಬತ್ತು ವರ್ಷಗಳ ನಂತರ. ಸೇರುವಾಗ ಆರೋಗ್ಯವಂತನೆಂದು ಒಪ್ಪಿಕೊಂಡ ಮೇಲೆ, ಆಮೇಲೆ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು. ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದಿತು ನ್ಯಾಯಾಲಯ. ತೀರ್ಪು ಇಷ್ಟು ಸ್ಪಷ್ಟವಿದ್ದರೂ ಸೈನಿಕರು ಇವತ್ತಿಗೂ ಕೋರ್ಟ್ ಮೆಟ್ಟಿಲು ಹತ್ತುತ್ತಲೇ ಇದ್ದಾರೆ.

2023ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಹೊಸ ನಿಯಮಗಳನ್ನು ತಂದು ಷರತ್ತುಗಳನ್ನು ಬಿಗಿ ಮಾಡಿತು. ಸೌಲಭ್ಯ ದುರುಪಯೋಗವಾಗುತ್ತಿದೆ ಎಂಬುದು ಅದರ ಸಮರ್ಥನೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಮಹಾಲೇಖಪಾಲರ ವರದಿಯ ಪ್ರಕಾರವೇ, ಅಂಗವೈಕಲ್ಯ ಸೌಲಭ್ಯದೊಂದಿಗೆ ನಿವೃತ್ತರಾಗುವವರ ಪ್ರಮಾಣ ಸಿಪಾಯಿಗಳಿಗಿಂತ ಅಧಿಕಾರಿಗಳಲ್ಲಿ ದುಪ್ಪಟ್ಟಿಗೂ ಹೆಚ್ಚಿದೆ. ಕಂದಕದಲ್ಲಿ, ಹಿಮದಲ್ಲಿ ಹೆಚ್ಚು ಕಾಲ ನಿಲ್ಲುವವನು ಸಿಪಾಯಿ. ಸೌಲಭ್ಯ ಹೆಚ್ಚು ಸಿಕ್ಕಿದ್ದು ನಿಯಮ ಓದಬಲ್ಲವರಿಗೆ. ದುರುಪಯೋಗ ತಡೆಯಬೇಕಾದರೆ ಅಲ್ಲಿ ತಡೆಯಲಿ. ಬಾಗಿಲನ್ನೇ ಕಿರಿದು ಮಾಡಿದರೆ ಮೊದಲು ಹೊರಗುಳಿಯುವವನು, ವೈದ್ಯಕೀಯ ಮಂಡಳಿಯ ಮುಂದೆ ತನ್ನ ಕೆಟ್ಟ ಕನಸನ್ನು ಹೇಳಲು ನಾಚುವ ಹಳ್ಳಿಯ ಸಿಪಾಯಿ.

ನಾಲ್ಕು ವರ್ಷದ ಅವಧಿಗೆ ಸೇನೆ ಸೇರುವ ಅಗ್ನಿವೀರರ ವಿಚಾರ ಇನ್ನೂ ಗಂಭೀರ. ಸೇವೆಯಿಂದ ಅಂಗವೈಕಲ್ಯವಾದರೆ ಅದರ ಪ್ರಮಾಣ ನೋಡಿ 44 ಲಕ್ಷ, 25 ಲಕ್ಷ ಅಥವಾ 15 ಲಕ್ಷ ರೂಪಾಯಿ ಒಂದೇ ಬಾರಿಗೆ ಸಿಗುತ್ತದೆ. ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯಿಲ್ಲ. ಮನಸ್ಸಿನ ಗಾಯಕ್ಕೆ ಈ ಗಡುವು ಗೊತ್ತಿಲ್ಲ. ಎಷ್ಟೋ ಜನರಲ್ಲಿ ಅದು ಘಟನೆ ನಡೆದು ವರ್ಷಗಳ ನಂತರ ತಲೆಯೆತ್ತುತ್ತದೆ. ಇಪ್ಪತ್ತೆರಡಕ್ಕೆ ಗಡಿಯಿಂದ ಮರಳಿ, ಇಪ್ಪತ್ತಾರಕ್ಕೆ ನಿದ್ದೆ ಕಳೆದುಕೊಂಡ ಯುವಕನನ್ನು ಆಗ ಯಾರು ನೋಡಿಕೊಳ್ಳುತ್ತಾರೆ? 2023ರ ಜನವರಿಯಲ್ಲಿ ತರಬೇತಿಗೆ ಸೇರಿದ ಭೂಸೇನೆಯ ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2027ರ ಆರಂಭಕ್ಕೆ. ಕೇಂದ್ರ ಇದಕ್ಕೆ ಉತ್ತರ ಕೊಡಲೇಬೇಕು.

ಕೇಂದ್ರದತ್ತ ಕೈ ತೋರಿಸಿ ರಾಜ್ಯ ಸುಮ್ಮನೆ ಕೂರುವಂತಿಲ್ಲ. ಹಳ್ಳಿಗೆ ಮಾನಸಿಕ ಆರೋಗ್ಯ ಸೇವೆ ತಲುಪಿಸುವುದು ಹೇಗೆಂದು ದೇಶಕ್ಕೆ ತೋರಿಸಿದ್ದು ಕರ್ನಾಟಕವೇ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಮಾಡುವ ‘ಮನೋಚೈತನ್ಯ’ ಕಾರ್ಯಕ್ರಮ 2014ರಲ್ಲಿ ಬಂತು. ವ್ಯವಸ್ಥೆಯ ಚೌಕಟ್ಟು ಇದೆ. ಅದರೊಳಗೆ ಮಾಜಿ ಸೈನಿಕನನ್ನು ಹೆಸರು ಹಿಡಿದು ಕರೆತರುವ ಕೆಲಸ ಬಾಕಿ ಇದೆ. ದೊಡ್ಡ ಆಸ್ಪತ್ರೆಗೆಂದು ಹೊರಟರೆ ಬೇಗೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಗಂಟೆಗೂ ಮೀರಿದ ಪ್ರಯಾಣ. ಜನರ ನಡುವೆ ಕೂರಲಾಗದವನಿಗೆ ಆ ಪ್ರಯಾಣವೇ ಚಿಕಿತ್ಸೆಗೆ ಅಡ್ಡಿ. ಸೈನಿಕ ಕಲ್ಯಾಣ ಇಲಾಖೆ ಬಳಿ ಮಾಜಿ ಸೈನಿಕರ ದಾಖಲೆಯಿದೆ, ಆರೋಗ್ಯ ಇಲಾಖೆ ಬಳಿ ಆಶಾ ಕಾರ್ಯಕರ್ತೆಯರಿದ್ದಾರೆ. ಇಬ್ಬರೂ ಒಂದು ಮೇಜಿನ ಸುತ್ತ ಕೂತರೆ ಹೋಬಳಿಗೊಂದು ಪಟ್ಟಿ ಮಾಡಿ, ವರ್ಷಕ್ಕೆರಡು ಸಲ ಮನೆಬಾಗಿಲಿಗೆ ಹೋಗಿ ‘ನಿದ್ದೆ ಬರುತ್ತದೆಯೇ?’ ಎಂದು ಕೇಳುವುದು ಕಷ್ಟವೇನಲ್ಲ. ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಕೇಳಬೇಕು. ನಿಜ ಸಂಗತಿ ತಿಳಿಯುವುದು ಅಲ್ಲಿ.

ಗ್ರಾಮ ಪಂಚಾಯಿತಿಗಳಿಗೂ ಒಂದು ಮನವಿ. ಸ್ವಾತಂತ್ರ್ಯ ದಿನದಂದು ಮಾಜಿ ಯೋಧರಿಗೆ ಶಾಲು ಹೊದಿಸಿ ಹಾರ ಹಾಕುವ ಸಂಪ್ರದಾಯ ಮುಂದುವರಿಯಲಿ. ಅದೇ ವಾರ ಅವರಿಗಾಗಿ ತಾಲ್ಲೂಕು ಆಸ್ಪತ್ರೆಯಿಂದ ವೈದ್ಯರನ್ನು ಕರೆಸಿ, ಕಿವಿ, ಬೆನ್ನು, ಮಂಡಿ, ರಕ್ತದೊತ್ತಡ ನೋಡಿಸಿ; ಮನೋವೈದ್ಯರೊಂದಿಗೆ ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ಮಾತಾಡುವ ಅವಕಾಶ ಕೊಡಿ.

ಈ ಲೇಖನ ಓದುವ ಮನೆಯಲ್ಲಿ ಅಂಥ ಯೋಧರೊಬ್ಬರಿದ್ದರೆ, ಅಥವಾ ಓದುತ್ತಿರುವವರೇ ಅಂಥವರಾಗಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯನ್ನು ರಾಷ್ಟ್ರಮಟ್ಟದಲ್ಲಿ ಮುನ್ನಡೆಸುವುದು ಬೆಂಗಳೂರಿನ ನಿಮ್ಹಾನ್ಸ್. ಸೈನಿಕರು ಮತ್ತು ಅವರ ಕುಟುಂಬದವರಿಗಾಗಿಯೇ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಪ್ರತ್ಯೇಕ ಘಟಕ ತೆರೆಯಲಾಗಿದೆ. ಕರೆಗೆ ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.